ಹರಿಗೋಲಿನ ನುಡಿಯೂ ಹಾಯಿಯ ಕಥನವೂ

ಕನ್ನಡ ಕಾವ್ಯದಲ್ಲಿ ಕಡಲಿಗೆ ಬಡತನವಿಲ್ಲ. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಲಾಕ್ಷಣಿಕರು ವಿಧಿಸಿದಾಗ ಸಮುದ್ರವರ್ಣನೆಯನ್ನೂ ಅವುಗಳೊಳಗೆ ಸೇರಿಸಿದರು. ಆದಕಾರಣ ತನ್ನೂರ ಕೆರೆಯ ಕೋಡಿಗಿಂತ ಹಿರಿದಾದ ನೀರನ್ನು ಕಾಣದ ಕವಿಯೂ ಕಡಲನ್ನು ಬಣ್ಣಿಸದೆ ಬಿಡುವಂತಿರಲಿಲ್ಲ. ತೆರೆ, ನೊರೆ, ಮುತ್ತು, ಹವಳ, ತಿಮಿಂಗಿಲ, ಬಡಬಾಗ್ನಿ, ಕಡೆದ ಮಂದರ, ಕುಡಿದ ಅಗಸ್ತ್ಯ, ಇವರೆಲ್ಲರೂ ದಿಬ್ಬಣಕ್ಕೆ ಬಂದ ನಂಟರಂತೆ ತಪ್ಪದೆ ಬರುತ್ತಾರೆ. ಯಥೋಚಿತವಾದ ಮರ್ಯಾದೆಯನ್ನು ಪಡೆದು ಹೋಗುತ್ತಾರೆ. ಪದ್ಯವು ಮುಗಿದಾಗ ಓದುಗನ ಮೈಮೇಲೆ ಒಂದು ಹನಿ ಉಪ್ಪುನೀರೂ ಅಂಟಿರುವುದಿಲ್ಲ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ಹಡಗು ಯಾವ ಮಗ್ಗುಲಿಗೆ ವಾಲಿತು, ಚುಕ್ಕಾಣಿಯನ್ನು ಹಿಡಿದವನು ಎಷ್ಟು ಇರುಳು ನಿದ್ದೆಗೆಟ್ಟನು ಎಂದು ಕೇಳಬಾರದು. ಕೇಳಿದವನಿಗೆ ಅರಸಿಕನೆಂಬ ಹೆಸರು ಬರುತ್ತದೆ.

ಆದರೂ ಕೇಳಲೇಬೇಕಾಗಿದೆ. ಒಬ್ಬನೋ ಕೆಲವರೋ ಸಣ್ಣದೊಂದು ಹಾಯಿದೋಣಿಯನ್ನು ತಾವೇ ನಡೆಸಿಕೊಂಡು, ಯಂತ್ರವನ್ನು ನೆಚ್ಚದೆ, ಸಾವಿರಾರು ಮೈಲಿಗಳಾಚೆಯ ಉಷ್ಣವಲಯದ ದ್ವೀಪಗಳಿಗೆ ಹೋಗಿಬಂದು ಬರೆದ ಕಥನಗಳು ಲೋಕದ ವಾಙ್ಮಯದಲ್ಲಿ ಒಂದು ಪ್ರತ್ಯೇಕವಾದ ಶಾಖೆಯಾಗಿ ಬೆಳೆದಿವೆ. ಈಚೆಗೆ ಭಾರತೀಯರೂ ಅದಕ್ಕೆ ತಮ್ಮ ಪಾಲನ್ನು ಸಲ್ಲಿಸಿದ್ದಾರೆ. ಕನ್ನಡ ಲೇಖಕನು ಕಡಲನ್ನು ಇದುವರೆಗೆ ಹೆಚ್ಚಾಗಿ ಎರಡು ಸ್ಥಾನಗಳಿಂದ ನೋಡಿದ್ದಾನೆ. ಒಂದು ದಡ, ಇನ್ನೊಂದು ಪ್ರಯಾಣಿಕರ ಹಡಗಿನ ಮೇಲಟ್ಟ. ಮೂರನೆಯ ಸ್ಥಾನವು ಚುಕ್ಕಾಣಿಯ ಬಳಿ ಇದೆ. ಅಲ್ಲಿ ನಿಂತು ಬರೆಯುವುದಕ್ಕೆ ಧೈರ್ಯಕ್ಕಿಂತ ಮೊದಲು ಬೇಕಾದುದು ಭಾಷೆ. ಆ ಭಾಷೆಯಾದರೋ ನಿಘಂಟಿನ ಸಂಸ್ಕೃತದಲ್ಲಿಯೂ ಇಲ್ಲ, ಇಂಗ್ಲಿಷಿನ ಎರವಲಿನಲ್ಲಿಯೂ ಇಲ್ಲ. ಅದರ ಒಂದು ದೊಡ್ಡ ಭಾಗವು ಕಪಿಲೆ ಕಾವೇರಿಗಳ ಹರಿಗೋಲಿನಲ್ಲಿ ಕುಳಿತಿದೆ ಎಂಬುದು ಈ ಲೇಖನದ ವಾದ.

ನಂಜನಗೂಡಿಗೂ ನರಸೀಪುರಕ್ಕೂ ಸಮುದ್ರದ ಮಾತೇಕೆ ಎಂದು ಕೆಲವರು ನಗಬಹುದು. ನಂಜನಗೂಡಿನ ಸ್ನಾನಘಟ್ಟವನ್ನು ಮುಟ್ಟಿ ಹರಿದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ತಲಕಾಡಿನ ಮರಳನ್ನು ಬಳಸಿ, ಕಡೆಗೆ ಸೇರುವುದು ಪೂಂಪುಹಾರಿನ ಬಳಿಯ ಕಡಲನ್ನು. ಚೋಳರ ಕಾಲದಲ್ಲಿ ಹಡಗುಗಳು ತುಂಬಿ ನಿಲ್ಲುತ್ತಿದ್ದ ರೇವು ಅದು. ಇದು ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಅಷ್ಟಾಗಿ ಬಲ್ಲದಿರುವ ಇನ್ನೊಂದು ನಂಟು ಇದೆ. ಮಾರಿಷಸ್ ದ್ವೀಪವನ್ನೊಳಗೊಂಡ ಮಸ್ಕರೀನ್ ದ್ವೀಪಗಳ ತೆಂಕಣ ಸಮುದ್ರದ ಮೇಲೆ ಗಾಳಿಯ ಒತ್ತಡವು ಅಧಿಕವಾಗಿರುತ್ತದೆ. ಅಲ್ಲಿಂದ ಹೊರಟ ಆಗ್ನೇಯ ಮಾರುತವು ಬೇಸಗೆಯ ಕೊನೆಯಲ್ಲಿ ಭೂಮಧ್ಯರೇಖೆಯನ್ನು ದಾಟುತ್ತಲೆ ಭೂಮಿಯ ಸುತ್ತುವಿಕೆಯಿಂದ ಬಲಕ್ಕೆ ಬಾಗಿ, ನೈಋತ್ಯ ಮಾರುತವೆಂದು ಹೆಸರು ಬದಲಿಸಿಕೊಂಡು ವಯನಾಡಿನ ಬೆಟ್ಟಗಳಿಗೆ ಬಂದು ತಾಗುತ್ತದೆ. ಆಷಾಢದಲ್ಲಿ ನಂಜನಗೂಡಿನ ಹದಿನಾರು ಕಾಲಿನ ಮಂಟಪವನ್ನು ಮುಳುಗಿಸುವ ನೀರು ಆ ಗಾಳಿ ಹೊತ್ತುತಂದುದೇ ಆಗಿದೆ. ಮಾರಿಷಸ್ಸಿಗೆ ಹಾಯಿದೋಣಿಯಲ್ಲಿ ಹೋಗಿಬರುವವನು ಕಪಿಲೆಯ ಪ್ರವಾಹವನ್ನು ಅದು ಇನ್ನೂ ಗಾಳಿಯಾಗಿರುವಾಗಲೆ ಕಾಣುತ್ತಾನೆ. ಇಂತಹ ಸಂಬಂಧವು ಕನ್ನಡದ ಕವಿಗಳಿಗೆ ದೊರೆತಿದ್ದರೆ ಬಡಬಾಗ್ನಿಯನ್ನು ಅವರು ಇಷ್ಟೊಂದು ಸಾರಿ ಕರೆಯಬೇಕಾಗುತ್ತಿರಲಿಲ್ಲ.

ಹಳೆಗನ್ನಡ ನಡುಗನ್ನಡಗಳಲ್ಲಿ ದ್ವೀಪಯಾತ್ರೆಯೇ ಇಲ್ಲವೆಂದಲ್ಲ. ಇದೇ ಮೈಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಶ್ರೀಪಾಲಚರಿತೆಯನ್ನು ಬರೆದನು. ಜೈನ ಪರಂಪರೆಯು ಹೇಳಿಕೊಂಡು ಬಂದಿರುವ ಆ ಕಥೆಯಲ್ಲಿ ಕಡಲು ಅಲಂಕಾರಕ್ಕಾಗಿ ಬಂದುದಲ್ಲ, ಕಥೆಯ ನಡುಗಂಬವೇ ಆಗಿದೆ. ಧವಳನೆಂಬ ವರ್ತಕನ ಹಡಗುಗಳು ಅಲುಗದೆ ನಿಂತುಬಿಡುತ್ತವೆ. ಶ್ರೀಪಾಲನು ಮುಟ್ಟಿದೊಡನೆ ಚಲಿಸುತ್ತವೆ. ದ್ವೀಪದಲ್ಲಿ ರಾಜಕುಮಾರಿಯ ವಿವಾಹ. ಆಕೆಯನ್ನು ಬಯಸಿದ ವರ್ತಕನ ದ್ರೋಹ. ನಾಯಕನನ್ನು ಸಮುದ್ರಕ್ಕೆ ನೂಕಿದುದು. ಮಂತ್ರಬಲದಿಂದ ಅವನು ಇನ್ನೊಂದು ದ್ವೀಪವನ್ನು ಸೇರಿದುದು. ಕಥಾಕುತೂಹಲಕ್ಕೆ ಏನೂ ಕಡಮೆಯಿಲ್ಲ. ಆದರೆ ಹಡಗುಗಳು ಏಕೆ ನಿಂತವು? ಗಾಳಿ ಬಿದ್ದಿತ್ತೋ, ಮರಳು ಹತ್ತಿತ್ತೋ, ಇಳಿತದ ನೀರೋ? ಕಥೆಗೆ ಈ ಪ್ರಶ್ನೆಗಳು ಬೇಕಾಗಿಲ್ಲ. ಅಲ್ಲಿ ಕಡಲು ಕರ್ಮದ ರಂಗಸ್ಥಳ. ಪುಣ್ಯವಂತನು ತೇಲುತ್ತಾನೆ, ಪಾಪಿ ಮುಳುಗುತ್ತಾನೆ. ಆ ಧರ್ಮಕಥೆಯನ್ನು ಅದರ ನಿಯಮದಿಂದಲೇ ಅಳೆಯುವುದು ನ್ಯಾಯ. ಗಮನಿಸಬೇಕಾದುದಿಷ್ಟೆ: ಹಡಗು ನಡೆಸುವ ಕೆಲಸದಲ್ಲಿಯೇ ರಸವಿದೆಯೆಂಬ ಭಾವನೆ ಆ ಪರಂಪರೆಯಲ್ಲಿ ಹುಟ್ಟಲಿಲ್ಲ.

ಇದಕ್ಕೆ ಇದಿರಾಗಿ ಜೋಷುವಾ ಸ್ಲೋಕಮನ ಗ್ರಂಥವನ್ನು ಇಟ್ಟು ನೋಡಿದರೆ ಭೇದವು ತಾನಾಗಿ ತಿಳಿಯುತ್ತದೆ. ಈತನು ತಾನೇ ಮರು ಕಟ್ಟಿದ ಮೂವತ್ತಾರು ಅಡಿಗಿಂತ ಕೊಂಚ ಉದ್ದವಾದ ‘ಸ್ಪ್ರೇ’ ಎಂಬ ದೋಣಿಯಲ್ಲಿ 1895ರ ಏಪ್ರಿಲಿನಲ್ಲಿ ಅಮೆರಿಕದ ಬಾಸ್ಟನಿನಿಂದ ಒಬ್ಬನೇ ಹೊರಟು, ಭೂಪ್ರದಕ್ಷಿಣೆಯನ್ನು ಮುಗಿಸಿ, 1898ರ ಜೂನಿನಲ್ಲಿ ಮರಳಿದನು. 1900ರಲ್ಲಿ ಅವನ ಪುಸ್ತಕವು ಹೊರಬಂದಿತು. ಅದರಲ್ಲಿಯೂ ಒಂದು ಅದ್ಭುತ ಪ್ರಸಂಗವಿದೆ. ಜ್ವರದಂತಹ ಬಾಧೆಯಿಂದ ಅವನು ಕೆಳಗೆ ಬಿದ್ದಿರುವಾಗ, ಕೊಲಂಬಸನ ಕಾಲದ ಒಬ್ಬ ಚುಕ್ಕಾಣಿಗನು ಬಂದು ರಾತ್ರಿಯೆಲ್ಲ ದೋಣಿಯನ್ನು ನಡೆಸಿಕೊಟ್ಟಂತೆ ಕಾಣುತ್ತದೆ. ಶ್ರೀಪಾಲನಿಗೆ ದೇವತೆಗಳು ನೆರವಾದಂತೆಯೇ ಇದೂ ಎನ್ನಬಹುದು. ಆದರೆ ಸ್ಲೋಕಮ್ ತಾನು ಹಿಂದಿನ ದಿನ ಅಜೋರ್ಸ್ ದ್ವೀಪದ ಹಣ್ಣನ್ನೂ ಬಿಳಿಯ ಗಿಣ್ಣನ್ನೂ ಮಿತಿಮೀರಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದೆನೆಂಬುದನ್ನು ಮುಚ್ಚುವುದಿಲ್ಲ. ಅದ್ಭುತವೂ ಇದೆ, ಅಜೀರ್ಣವೂ ಇದೆ. ಒಂದು ಇನ್ನೊಂದನ್ನು ಅಳಿಸಿಹಾಕುವುದಿಲ್ಲ. ಈ ಪ್ರಾಮಾಣಿಕತೆಯೇ ಆ ಗ್ರಂಥದ ಜೀವ.

ಅವನ ದ್ವೀಪಪ್ರಕರಣಗಳಲ್ಲಿ ಹಿಂದೂ ಮಹಾಸಾಗರದ ಭಾಗವು ಈ ದೇಶದ ಓದುಗರಿಗೆ ವಿಶೇಷವಾಗಿ ರುಚಿಸುವಂತಿದೆ. ಆಸ್ಟ್ರೇಲಿಯದ ಬಡಗಣ ತುದಿಯಿಂದ ಕೀಲಿಂಗ್ ಕೊಕೋಸ್ ದ್ವೀಪಗಳವರೆಗೆ 2,700 ಮೈಲಿಗಳನ್ನು 23 ದಿನಗಳಲ್ಲಿ ಕ್ರಮಿಸಿದನು. ಆ ಅವಧಿಯಲ್ಲೆಲ್ಲ ಅವನು ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದುದು ಮೂರು ಗಂಟೆಗಳಷ್ಟೂ ಇಲ್ಲ. ಹಾಯಿಗಳನ್ನು ಸಮತೂಕಕ್ಕೆ ತಂದು, ಚುಕ್ಕಾಣಿಯನ್ನು ಕಟ್ಟಿ, ಗಾಳಿಗೆ ಒಪ್ಪಿಸಿ, ಪುಸ್ತಕ ಓದುತ್ತ ಕುಳಿತನು. ಸಾಹಸಕಥೆಯನ್ನು ಬಯಸಿ ಬಂದವನಿಗೆ ಇದು ನಿರಾಶೆ. ಕುಶಲತೆಯನ್ನು ಬಲ್ಲವನಿಗೆ ಇದಕ್ಕಿಂತ ದೊಡ್ಡ ಸಾಹಸವಿಲ್ಲ. ವಿಚಿತ್ರವೆಂದರೆ, ಅವನ ಪ್ರಾಣಕ್ಕೆ ಬಹು ದೊಡ್ಡ ಗಂಡಾಂತರ ಬಂದುದು ಅದೇ ದ್ವೀಪದಲ್ಲಿ, ದಡದ ಇದಿರಿನಲ್ಲಿಯೇ. ಎರವಲು ತಂದ ಸಣ್ಣ ದೋಣಿಯ ಜೀರ್ಣವಾದ ಹಾಯಿ ಗಾಳಿಗೆ ಹಾರಿಹೋಗಿ, ಹುಟ್ಟುಗಳೂ ಇಲ್ಲದೆ, ಹಗುರವಾದ ಒಂದು ಗಳೆಯಿಂದಲೇ ನೀರನ್ನು ಒತ್ತುತ್ತ ಅವನೂ ಜೊತೆಗಾರನೊಬ್ಬನೂ ಹೆಣಗಿದರು. ಗಾಳಿ ಎಳೆದೊಯ್ಯುತ್ತಿದ್ದ ದಿಕ್ಕಿನಲ್ಲಿ ಮುಂದಿನ ನೆಲವೆಂದರೆ ಆಫ್ರಿಕ. ನಡುವೆ ಮೂರು ಸಾವಿರ ಮೈಲಿ. ಮಹಾಸಾಗರಗಳನ್ನು ದಾಟಿದ ಮನುಷ್ಯನು ಗಳೆಯೊಂದಕ್ಕೆ ಜೋತುಬಿದ್ದ ಈ ಪ್ರಸಂಗವನ್ನು ಕಪಿಲೆಯ ಅಂಬಿಗನಿಗೆ ಓದಿಹೇಳಿದರೆ ಅವನಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಮುಂದೆ ರೊಡ್ರಿಗಸ್ ದ್ವೀಪ. ಅಲ್ಲಿಯ ಪಾದ್ರಿಯು ಲೋಕಕಂಟಕನಾದ ಕ್ರಿಸ್ತವಿರೋಧಿಯ ಆಗಮನವನ್ನು ಕುರಿತು ಜನರಿಗೆ ಉಪದೇಶ ಮಾಡುತ್ತಿದ್ದನಂತೆ. ಅದೇ ಸಮಯಕ್ಕೆ ಬಿಳಿಯ ಹಾಯಿಗಳನ್ನು ತುಂಬಿಕೊಂಡು ಒಬ್ಬನೇ ಮನುಷ್ಯನುಳ್ಳ ದೋಣಿ ಬಂದುದನ್ನು ಕಂಡು ಜನ ಬೆದರಿದರು. ಒಬ್ಬ ಮುದುಕಿ ಕದ ಹಾಕಿಕೊಂಡು ಎಂಟು ದಿನ ಹೊರಗೆ ಬರಲಿಲ್ಲ. ಅಲ್ಲಿಂದ ಮಾರಿಷಸ್, ಅಲ್ಲಿ ಉಪನ್ಯಾಸ ಮಾಡಿ ಕೈಖರ್ಚಿಗೆ ಹಣ ಕೂಡಿಸಿಕೊಂಡನು. ಗ್ರಂಥಕರ್ತನು ದ್ವೀಪಗಳನ್ನು ಸ್ವರ್ಗವೆಂದು ವರ್ಣಿಸಹೋಗುವುದಿಲ್ಲ. ಅಲ್ಲಿ ತೆರಬೇಕಾದ ಸುಂಕ, ಕೊಂಡ ಸಿಹಿಗೆಣಸು, ತಳ ಕೆರೆದ ದಿನ, ಮನುಷ್ಯರ ಸೌಜನ್ಯ, ಇವುಗಳನ್ನು ಸಮಾನವಾದ ಧ್ವನಿಯಲ್ಲಿ ಹೇಳುತ್ತಾನೆ. ಅವನ ಹಾಸ್ಯವೂ ಕೆಲವೆಡೆ ಅತಿಯಾಗುತ್ತದೆ. ಬೇರೆ ಜನಾಂಗಗಳ ವಿಷಯದಲ್ಲಿ ಆ ಕಾಲದ ಪಾಶ್ಚಾತ್ಯರ ಪೂರ್ವಗ್ರಹವು ಅಲ್ಲಲ್ಲಿ ಇಣುಕುತ್ತದೆ. ಅವನ್ನು ದೋಷಗಳೆಂದೇ ಎಣಿಸಬೇಕು.

ಮೈಸೂರಿಗೂ ಮಾರಿಷಸ್ಸಿಗೂ ಒಂದು ಕಾಲದಲ್ಲಿ ನೇರವಾದ ಹಡಗಿನ ಹಾದಿ ಇತ್ತೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಟಿಪ್ಪು ಸುಲ್ತಾನನ ಇಬ್ಬರು ರಾಯಭಾರಿಗಳು ಮಂಗಳೂರಿನಿಂದ ಹೊರಟು 1798ರ ಜನವರಿಯಲ್ಲಿ ಆ ದ್ವೀಪವನ್ನು ಮುಟ್ಟಿದರು. ಗುಟ್ಟಾಗಿರಬೇಕಾಗಿದ್ದ ಕಾರ್ಯವನ್ನು ಅಲ್ಲಿಯ ಫ್ರೆಂಚ್ ಗವರ್ನರನಾದ ಮಲಾರ್ಟಿಕನು ಪ್ರಕಟಣೆ ಹೊರಡಿಸಿ ಊರಿಗೆಲ್ಲ ಸಾರಿದನು. ಅದೇ ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದ ಸಹಾಯದ ದಂಡು ಸುಮಾರು ನೂರು ಮಂದಿ. ಅದನ್ನು ನೆವವಾಗಿ ಹಿಡಿದು ವೆಲ್ಲೆಸ್ಲಿಯು ಹೂಡಿದ ಯುದ್ಧದಲ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ನಂಜನಗೂಡಿನ ದೇವರನ್ನು ಹಕೀಮ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದು ಪ್ರತೀತಿಯುಳ್ಳ ದೊರೆಯ ರಾಜ್ಯವು ಒಂದು ದ್ವೀಪಯಾತ್ರೆಯ ಬೆನ್ನಲ್ಲೇ ಮುಗಿಯಿತು. ಇಷ್ಟು ನಾಟಕೀಯವಾದ ವಸ್ತುವಿನಲ್ಲಿ ಹಡಗಿನೊಳಗಿನ ದಿನಗಳ ಕಥೆಯನ್ನು ಕನ್ನಡದ ಲೇಖಣಿ ಹಿಡಿಯಲಿಲ್ಲ. ಅದಕ್ಕೂ ಹನ್ನೆರಡು ವರ್ಷ ಮುಂಚೆ, 1786ರಲ್ಲಿ, ಅದೇ ದೊರೆ ಕಾನ್‌ಸ್ಟಾಂಟಿನೋಪಲಿಗೆ ಕಳುಹಿದ ದೊಡ್ಡ ರಾಯಭಾರವು ಉತ್ತರ ಕನ್ನಡದ ತದಡಿಯಲ್ಲಿ ಹಡಗು ಹತ್ತಿತು. ಆ ಯಾತ್ರೆಯ ದಿನಚರಿಯನ್ನು ಖ್ವಾಜಾ ಅಬ್ದುಲ್ ಖಾದಿರನೆಂಬುವನು ಬರೆದಿಟ್ಟನು. ಆದರೆ ಅದು ಪಾರಸಿಯಲ್ಲಿದೆ. ಕನ್ನಡ ಸೀಮೆಯ ರೇವಿನಿಂದ ಹೊರಟ ಹಡಗಿನ ದಿನಚರಿ ಕನ್ನಡದಲ್ಲಿಲ್ಲದುದು ಆಸ್ಥಾನದ ಭಾಷಾನೀತಿಯ ಫಲವೆಂದು ಸಮಾಧಾನ ಹೇಳಬಹುದು. ಹಡಗನ್ನು ನಡೆಸಿದವರು ಬರೆಯಲಿಲ್ಲ, ಬರೆಯಬಲ್ಲವರು ನಡೆಸಲಿಲ್ಲ ಎಂಬುದು ಅದಕ್ಕಿಂತ ಆಳವಾದ ಕಾರಣ.

ಹೊಸಗನ್ನಡಕ್ಕೆ ಬಂದರೆ ಸ್ಥಿತಿ ಬದಲಾಗುತ್ತದೆ, ಆದರೆ ಅರ್ಧದಷ್ಟು. ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋದರು. ಅವರ ‘ಸಮುದ್ರ ಗೀತಗಳು’ 1940ರಲ್ಲಿ ಅಚ್ಚಾಯಿತು. ಅಷ್ಟಾದಶ ವರ್ಣನೆಯ ಕಟ್ಟುಪಾಡನ್ನು ಹರಿದು, ಕಣ್ಣಾರೆ ಕಂಡ ಕಡಲಿಗೆ ಹೊಸ ಲಯವನ್ನು ಹುಡುಕಿದ ಕೀರ್ತಿ ಆ ಸಂಕಲನಕ್ಕೆ ಸಲ್ಲಬೇಕು. ಆದರೆ ಅಲ್ಲಿ ಹಡಗು ನಡೆಯುವುದು ಕವಿಯ ಚಿಂತೆಯಲ್ಲ. ಹಬೆಯ ಯಂತ್ರವೂ ಅದರ ಮೇಲ್ವಿಚಾರಕರೂ ಅದನ್ನು ನೋಡಿಕೊಳ್ಳುತ್ತಾರೆ. ಕೈಗೆ ಕೆಲಸವಿಲ್ಲದ ಪ್ರಯಾಣಿಕನಿಗೆ ಕಡಲು ಬೇಗನೆ ಸಂಕೇತವಾಗಿಬಿಡುತ್ತದೆ: ಅನಂತವಾಗಿ, ಚೈತನ್ಯವಾಗಿ, ಪರತತ್ತ್ವವಾಗಿ. ಗೋಕಾಕರ ಪ್ರತಿಭೆಯ ಮಿತಿಯೆಂದು ಇದನ್ನು ತಿಳಿಯಬಾರದು. ಅವರು ನಿಂತ ಸ್ಥಾನದ ಮಿತಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಸಂಕೇತವಾಗುವುದಕ್ಕೆ ಮೊದಲು ನೆರೆಯಾಗಿದೆ. ಮನೆಯ ಬೆನ್ನಿಗೇ ಮೊರೆಯುವ ನೀರು, ಉಪ್ಪುಗಾಳಿ, ಮಳೆಗಾಲದ ಭಯ, ಇವು ಗಂಜಿಯ ತಟ್ಟೆಯವರೆಗೂ ಬರುತ್ತವೆ. ಕಡಲದಂಡೆಯ ಬಾಳನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕನ್ನಡ ಕಾದಂಬರಿಗಳು ವಿರಳ. ಆದರೂ ಅದು ದಂಡೆಯೇ. ಮೊದಲನೆಯ ಸ್ಥಾನದಿಂದ ಸಾಧ್ಯವಾದ ಉತ್ತಮ ಕೃತಿ ಕಾರಂತರದು. ಎರಡನೆಯ ಸ್ಥಾನದಿಂದ ಗೋಕಾಕರದು.

ಮೂರನೆಯ ಸ್ಥಾನದಿಂದ ಬರೆದ ಭಾರತೀಯ ಗ್ರಂಥಗಳಲ್ಲಿ ನೌಕಾದಳದ ದಿಲೀಪ್ ಡೊಂಡೆಯವರ ‘ದಿ ಫಸ್ಟ್ ಇಂಡಿಯನ್’ ಮುಖ್ಯವಾದುದು. 2009ರ ಆಗಸ್ಟ್ 19ರಂದು ಮುಂಬಯಿಯಿಂದ ಒಬ್ಬರೇ ಹೊರಟು, ನಾಲ್ಕು ರೇವುಗಳಲ್ಲಿ ಮಾತ್ರ ತಂಗಿ, 2010ರ ಮೇ ತಿಂಗಳಿನಲ್ಲಿ ಅವರು ಭೂಪ್ರದಕ್ಷಿಣೆಯನ್ನು ಮುಗಿಸಿದರು. ಭಾರತೀಯರಲ್ಲಿ ಅವರೇ ಮೊದಲಿಗರು. ದೋಣಿಯ ಹೆಸರು ‘ಮ್ಹಾದೇಯಿ’. ಪತ್ರಿಕೆಗಳಲ್ಲಿ ನೀರಿನ ವ್ಯಾಜ್ಯದ ಮೂಲಕವೇ ಕನ್ನಡಿಗರಿಗೆ ಪರಿಚಿತವಾಗಿರುವ ಮಹದಾಯಿ ನದಿಯ ಹೆಸರಿನ ಗೋವೆಯ ರೂಪವೇ ಇದು. ಆ ನದಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ಗೋವೆಯಲ್ಲಿ ಮಾಂಡವಿಯಾಗಿ ಹರಿದು, ದಿವಾಡಿ ದ್ವೀಪವನ್ನು ಬಳಸುತ್ತದೆ. ದೋಣಿಯನ್ನು ಕಟ್ಟಿದುದೂ ಅದೇ ದಿವಾಡಿಯಲ್ಲಿ. ಐವತ್ತಾರು ಅಡಿಯ ಆ ದೋಣಿಯ ನಕ್ಷೆ ಹಾಲೆಂಡಿನದು. ನಕ್ಷೆಗೆ ಶಾಂತ ಸಾಗರದ ಟೋಂಗಾ ದ್ವೀಪರಾಜ್ಯದ ಹೆಸರು. ಕನ್ನಡ ನಾಡಿನ ಕಾಡಿನಲ್ಲಿ ಹುಟ್ಟಿದ ಹೊಳೆಯ ಹೆಸರು ಹೊತ್ತ ದೋಣಿಯೊಂದು ಭೂಮಂಡಲವನ್ನು ಸುತ್ತಿ ಬಂದಿದ್ದರೂ ಆ ನಾಡಿನ ಭಾಷೆಯ ಒಂದು ಪದ್ಯವೂ ಅದರ ಬೆನ್ನು ಹತ್ತಿ ಹೋದಂತೆ ಕಾಣದು.

ಡೊಂಡೆಯವರ ಗ್ರಂಥದ ಗುಣವು ಅದರ ಆರಂಭದಲ್ಲಿಯೇ ಇದೆ. ವೃತ್ತಿಯಿಂದ ಅವರು ನೀರಿನಡಿಯಲ್ಲಿ ಕೆಲಸ ಮಾಡುವ ಮುಳುಗುಗಾರರು. ದೋಣಿ ಕಟ್ಟಿಕೊಟ್ಟ ರತ್ನಾಕರ ದಾಂಡೇಕರರು ಅದಕ್ಕೆ ಮುಂಚೆ ಅಂತಹ ದೋಣಿಯನ್ನು ಕಟ್ಟಿದವರಲ್ಲ. ಇಬ್ಬರು ಅಜ್ಞರು ಕೂಡಿ ಮೂರು ವರ್ಷಗಳಲ್ಲಿ ಹೇಗೆ ತಜ್ಞರಾದರು ಎಂಬುದನ್ನು ಲೇಖಕರು ತಮ್ಮನ್ನೇ ನಗೆಗೀಡುಮಾಡಿಕೊಳ್ಳುತ್ತ ಹೇಳುತ್ತಾರೆ. ಏಕಾಂತದ ವೇದಾಂತಕ್ಕೆ ಅವರು ಕೈಹಾಕುವುದಿಲ್ಲ. ದುರಸ್ತಿಯೇ ಅವರ ವೇದಾಂತ. ಪ್ರದಕ್ಷಿಣೆಗೆ ಮುನ್ನ 2009ರ ಮಳೆಗಾಲದ ಮೊದಲಲ್ಲಿ ಅವರು ಗೋವೆಯಿಂದ ಮಾರಿಷಸ್ಸಿಗೆ ಹೋಗಿ, ಹಿಂದಿರುಗುವಾಗ ಮೊದಲ ಸಾರಿಗೆ ಒಬ್ಬರೇ ದೋಣಿಯನ್ನು ನಡೆಸಿಕೊಂಡು ಬಂದರು. ನೇರವಾದ ಗೆರೆಯಲ್ಲಿ ಸುಮಾರು 2,300 ನಾವಿಕ ಮೈಲಿ. ಹೋಗುವಾಗ ಮುಂಗಾರು ಗಾಳಿ ಮುಖಕ್ಕೆ. ಬರುವಾಗ ಅದೇ ಗಾಳಿ ಬೆನ್ನಿಗೆ. ಮೇಲೆ ಹೇಳಿದ ಆ ಗಾಳಿ ಕಪಿಲೆಗೆ ನೀರನ್ನು ತರುತ್ತಿರುವಾಗಲೇ ಒಬ್ಬ ಮನುಷ್ಯನನ್ನೂ ಮನೆಗೆ ತಂದಿತು. ಭಾರತೀಯ ನೌಕಾಯಾನದಲ್ಲಿ ಮಾರಿಷಸ್ಸಿಗೆ ಈ ಪಾತ್ರವು ಖಾಯಮಾದಂತಿದೆ. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು 2018ರ ಮೇ 21ರಂದು ಮರಳಿದ ‘ತಾರಿಣಿ’ಯ ಆರು ಮಂದಿ ಮಹಿಳೆಯರೂ ಚುಕ್ಕಾಣಿಯ ಭಾಗ ಕೆಟ್ಟುದರಿಂದ ಕೊನೆಯ ಹಂತದಲ್ಲಿ ಪೋರ್ಟ್ ಲೂಯಿಯಲ್ಲಿ ತಂಗಿದರು.

ಇಂತಹ ಕಥನಗಳನ್ನು ಕನ್ನಡಕ್ಕೆ ತರುವವನಿಗೆ, ಅಥವಾ ಇಂತಹ ಅನುಭವವನ್ನು ಕನ್ನಡದಲ್ಲಿಯೇ ಬರೆಯಹೊರಟವನಿಗೆ, ಮೊದಲ ಪುಟದಲ್ಲಿಯೇ ತೊಡಕು ಕಾದಿರುತ್ತದೆ. ಗಾಳಿ ಬಲವಾದಾಗ ಹಾಯಿಯ ವಿಸ್ತಾರವನ್ನು ತಗ್ಗಿಸುವ ಕೆಲಸವೊಂದುಂಟು. ಹಾಯಿದೋಣಿಯ ಬಾಳಿನಲ್ಲಿ ಇದಕ್ಕಿಂತ ನಿತ್ಯವಾದ ಕೆಲಸವಿಲ್ಲ. ಪಂಡಿತನಾದವನು ಇದನ್ನು ‘ವಾತವೇಗವು ಅಧಿಕವಾಗಲು ನಾವಿಕನು ಪಟವಿಸ್ತಾರವನ್ನು ಸಂಕೋಚಗೊಳಿಸಿದನು’ ಎಂದು ಬರೆದಾನು. ವಾಕ್ಯವು ಮುಗಿಯುವುದರೊಳಗೆ ದೋಣಿ ಮಗುಚಿರುತ್ತದೆ. ಹೊಸಬನಾದವನು ‘ಮೇನ್‌ಸೈಲನ್ನು ರೀಫ್ ಮಾಡಿ ಹೆಲ್ಮಿಗೆ ಬಂದನು’ ಎಂದು ಬರೆದಾನು. ಇದು ವೇಗವಾಗಿಯೇನೋ ಇದೆ, ಆದರೆ ಓದುವವನ ಕಣ್ಣಿಗೆ ಏನೂ ಕಾಣುವುದಿಲ್ಲ. ‘ಗಾಳಿ ಜೋರಾಯಿತು; ಹಾಯಿಯನ್ನು ಎರಡು ಮಡಿಕೆ ಇಳಿಸಿ ಬಿಗಿದು, ಚುಕ್ಕಾಣಿಗೆ ಬಂದ’ ಎಂದರೆ ಕೆಲಸವೂ ಕಾಣುತ್ತದೆ, ಅವಸರವೂ ಕೇಳುತ್ತದೆ. ಪಂಚೆಯ ಮಡಿಕೆಯನ್ನು ಎತ್ತಿ ಕಟ್ಟಿ ಹೊಳೆಗಿಳಿಯುವ ಜನಕ್ಕೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

ಹಾಯಿ ಎಂಬ ಶಬ್ದವೇ ಈ ವಿಷಯದಲ್ಲಿ ದಾರಿ ತೋರಿಸುತ್ತದೆ. ಹೊಳೆಯನ್ನು ಹಾಯುವುದಕ್ಕೂ ಹಾಯಿಗೂ ಸಂಬಂಧ ಕಲ್ಪಿಸಲು ಮನಸ್ಸು ಎಳಸುತ್ತದೆ. ಆದರೆ ತಮಿಳಿನ ‘ಪಾಯ್’ ಎಂಬುದಕ್ಕೆ ಚಾಪೆಯೆಂದೂ ಹಾಯಿಯೆಂದೂ ಎರಡು ಅರ್ಥಗಳಿರುವುದನ್ನು ನೋಡಿದರೆ, ಹೆಣೆದ ಚಾಪೆಯನ್ನೇ ಗಾಳಿಗೆ ಒಡ್ಡಿ ನಡೆಸಿದವರ ಮಾತಿದು ಎಂದು ತಿಳಿಯುತ್ತದೆ. ಹರಿಗೋಲೂ ಹೆಣೆದುದೇ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ, ಡಾಂಬರು ಬಳಿದು ಅದನ್ನು ನೀರಿಗೆ ಬಿಡುತ್ತಾರೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಬಿಗನ ಮುಖವಿದ್ದ ಕಡೆಯೇ ಮುಂದು. ನೆಟ್ಟಗೆ ಇದಿರುದಡಕ್ಕೆ ಹೊರಟರೆ ಸೆಳವು ಕೆಳಕ್ಕೆ ಒಯ್ಯುವುದೆಂದು ಬಲ್ಲ ಅಂಬಿಗನು ಮೊದಲು ದಡದ ಮಗ್ಗುಲಿನಲ್ಲಿಯೇ ಮೇಲುಹೊಳೆಗೆ ಏರಿ, ಅಲ್ಲಿಂದ ಓರೆಯಾಗಿ ಬಿಟ್ಟು, ಜಾರುವಷ್ಟು ಜಾರಿಸಿ, ತಾನು ಎಣಿಸಿದ ಕಲ್ಲಿಗೇ ತಂದು ಮುಟ್ಟಿಸುತ್ತಾನೆ. ಹಾಯಿದೋಣಿಯವನು ಗಾಳಿಗೆ ಇದಿರಾಗಿ ಹೋಗಬೇಕಾದಾಗ ಮಾಡುವುದೂ ಇಂತಹುದೇ: ನೇರವಾಗಿ ಹೋಗಲಾರದೆ ಒಮ್ಮೆ ಈ ಓರೆಗೆ, ಒಮ್ಮೆ ಆ ಓರೆಗೆ ಹೊಡೆಯುತ್ತ, ಪ್ರತಿಸಾರಿಯೂ ಕೆಳಕ್ಕೆ ಜಾರುವುದನ್ನು ಲೆಕ್ಕಕ್ಕೆ ಹಿಡಿಯುತ್ತ ಮೇಲೇರುತ್ತಾನೆ. ಓರೆ, ಜಾರು, ಸೆಳವು, ಮೇಲುಗಡೆ, ಕೆಳಗಡೆ: ಈ ಐದು ಮಾತುಗಳು ಕೈಯಲ್ಲಿದ್ದರೆ ಇಂಗ್ಲಿಷಿನ ಹತ್ತು ಪಾರಿಭಾಷಿಕ ಶಬ್ದಗಳ ಹಂಗು ಹರಿಯುತ್ತದೆ. ಕಣದಲ್ಲಿ ರಾಗಿ ತೂರುವಾಗ ಗಾಳಿಯ ಮೇಲುಗಡೆ ಯಾರು ನಿಲ್ಲಬೇಕು, ಹೊಟ್ಟು ಬೀಳುವ ಕೆಳಗಡೆ ಯಾರು ನಿಲ್ಲಬಾರದು ಎಂಬುದು ನರಸೀಪುರದ ರೈತನ ಮಕ್ಕಳಿಗೂ ಗೊತ್ತು.

ಈ ನುಡಿಗೆ ಸಾಹಿತ್ಯದಲ್ಲಿ ಪೂರ್ವಿಕರು ಇಲ್ಲದೆ ಇಲ್ಲ. 12ನೆಯ ಶತಮಾನದ ಅಂಬಿಗರ ಚೌಡಯ್ಯನು ತನ್ನ ಕಸುಬನ್ನು ಅಂಕಿತದಲ್ಲಿಯೇ ಇಟ್ಟುಕೊಂಡವನು. ದಾಸರ ಹಾಡುಗಳಲ್ಲಿಯೂ ಅಂಬಿಗನು ಬರುತ್ತಾನೆ. ಆದರೆ ಎರಡು ಕಡೆಯೂ ಹೊಳೆಯು ಭವವಾಗುತ್ತದೆ, ದೋಣಿಯು ದೇಹವಾಗುತ್ತದೆ, ಆಚೆಯ ದಡ ಮೋಕ್ಷವಾಗುತ್ತದೆ. ಕನ್ನಡದ ದೋಣಿ ಯಾವಾಗಲೂ ದಾಟುವುದಕ್ಕಾಗಿ ಇದೆ. ನೀರಿನ ಮೇಲೆ ಇರುವುದಕ್ಕಾಗಿ ಇಲ್ಲ. ಮಾರಿಷಸ್ಸಿಗೆ ಹೋಗುವ ದೋಣಿಯವನು ಮೂರು ವಾರ ನೀರಿನ ಮೇಲೆಯೇ ಬಾಳು ಮಾಡುತ್ತಾನೆ: ಅಡಿಗೆ, ನಿದ್ದೆ, ಹರಿದ ಹಾಯಿಗೆ ಹೊಲಿಗೆ, ಕೊಳೆಯುತ್ತಿರುವ ತರಕಾರಿಯ ಲೆಕ್ಕ. ಈ ಸಂಸಾರವನ್ನು ಬರೆಯುವುದಕ್ಕೆ ಭಕ್ತಿಯ ರೂಪಕವು ಅಡ್ಡಿಯೇ ಆಗುತ್ತದೆ. ಅಂಬಿಗನಿಂದ ಅವನ ಹುಟ್ಟನ್ನೂ ಜಲ್ಲೆಯನ್ನೂ ಮಾತ್ರ ಎರವಲು ತಂದು, ಮೋಕ್ಷವನ್ನು ಅವನ ಬಳಿಯಲ್ಲಿಯೇ ಬಿಟ್ಟುಬರಬೇಕಾದುದು ಲೇಖಕನ ಕೆಲಸ. ಇದು ಸುಲಭವಲ್ಲ.

ಆಡುನುಡಿಯಿಂದ ಅಷ್ಟು ದೊಡ್ಡ ಭಾರವನ್ನು ಹೊರಿಸಲು ಸಾಧ್ಯವೇ ಎಂದು ಶಂಕಿಸುವವರಿಗೆ ಇದೇ ಸೀಮೆಯಲ್ಲಿ ಉತ್ತರವಿದೆ. ನಂಜನಗೂಡಿನ ತಿರುಮಲಾಂಬಾ ಅವರು 1913ರಲ್ಲಿ ‘ಸತೀ ಹಿತೈಷಿಣೀ’ ಮಾಲೆಯನ್ನು ಆರಂಭಿಸಿ, ಮನೆಯೊಳಗೆ ಅಡಗಿದ್ದ ಹೆಂಗಸರ ಬಾಳನ್ನು ಅಚ್ಚಿಗೆ ತಂದರು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ಮಹಾದೇವರು 1984ರಲ್ಲಿ ‘ಕುಸುಮಬಾಲೆ’ಯನ್ನು ಪ್ರಕಟಿಸಿದಾಗ ಅದರ ಮಾತು ತಿಳಿಯದೆಂದು ದೂರಿದವರು ಮೈಸೂರಿನಲ್ಲಿಯೂ ಇದ್ದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೆಯ ಬಾಳೂ ಕೇರಿಯ ನುಡಿಯೂ ಗ್ರಂಥವನ್ನು ಸೇರಿದ ಮೇಲೆ ಹೊಳೆಯ ನುಡಿ ಮಾತ್ರ ಹೊರಗೆ ನಿಂತಿರುವುದಕ್ಕೆ ಕಾರಣವಿಲ್ಲ. ಅವಧಿಯಾದರೋ ಕಿರಿದಾಗುತ್ತಿದೆ. ನಂಜನಗೂಡಿನಲ್ಲಿ 1735ರಲ್ಲಿಯೇ ಕಲ್ಲಿನ ಸೇತುವೆಯಾಯಿತು. ಮುಂದೆ ಊರೂರಿಗೂ ಸೇತುವೆಗಳು ಬಂದವು. ಯಾರೂ ಅದಕ್ಕಾಗಿ ಕೊರಗಬೇಕಾಗಿಲ್ಲ. ಹೊಳೆ ತುಂಬಿದ ದಿನ ಹೆರಿಗೆಯ ನೋವಿನ ಹೆಂಗಸನ್ನು ಹರಿಗೋಲಿನಲ್ಲಿ ಸಾಗಿಸಬೇಕಾಗಿದ್ದ ಕಾಲವನ್ನು ಯಾರು ಬಯಸಿಯಾರು? ಆದರೆ ತಲಕಾಡಿನಲ್ಲಿಯೂ ಸಂಗಮದಲ್ಲಿಯೂ ಈಗ ಹರಿಗೋಲನ್ನು ಬಹುಮಟ್ಟಿಗೆ ಪ್ರವಾಸಿಗರ ವಿನೋದಕ್ಕಾಗಿ ಗಿರ್ರನೆ ತಿರುಗಿಸಿ ತೋರಿಸುತ್ತಾರೆ. ತಿರುಗಿಸುವುದಕ್ಕೆ ನಾಲ್ಕು ಮಾತು ಸಾಕು. ಸೆಳವನ್ನು ಓದಿ ದಾಟಿಸುವುದಕ್ಕೆ ನೂರು ಮಾತು ಬೇಕಾಗಿತ್ತು. ಆ ನೂರನ್ನೂ ಬಲ್ಲವರು ಮುದುಕರಾಗಿದ್ದಾರೆ.

ಹರಿಗೋಲಿನಿಂದ ಎಲ್ಲವೂ ದೊರೆಯುವುದೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು. ಹಾಯಿದೋಣಿ ಗಾಳಿಗೆ ಮಗುಚದೆ ನಿಲ್ಲುವುದು ಅದರ ಅಡಿಯಲ್ಲಿ ನೀರೊಳಗೆ ಆಳಕ್ಕೆ ಇಳಿದಿರುವ ಭಾರವಾದ ಬೆನ್ನೆಲುಬಿನಿಂದ. ಹಾಯಿಯ ಮೇಲೆ ಗಾಳಿ ಒತ್ತಿ ದೋಣಿ ಎಷ್ಟು ವಾಲುವುದೋ ಅಷ್ಟು ಬಲವಾಗಿ ಅದರ ಭಾರವು ಕೆಳಗಿನಿಂದ ಹಿಡಿದೆಳೆದು ದೋಣಿಯನ್ನು ಮತ್ತೆ ನೆಟ್ಟಗಾಗಿಸಲು ಹೆಣಗುತ್ತದೆ. ಮಗ್ಗುಲಿಗೆ ಜಾರುವುದನ್ನು ತಡೆಯುವುದೂ ಅದೇ. ಹರಿಗೋಲಿನ ತಳ ತಟ್ಟೆಯಂತೆ ಚಪ್ಪಟೆ. ಗೇಣುದ್ದ ನೀರಿನಲ್ಲಿಯೂ ತೇಲಬೇಕಾದ ಬುಟ್ಟಿಗೆ ಬೆನ್ನೆಲುಬು ಇರುವಂತಿಲ್ಲ, ಆದಕಾರಣ ಕಪಿಲೆಯ ಅಂಬಿಗನ ಬಾಯಲ್ಲಿ ಅದಕ್ಕೆ ಹೆಸರೂ ಇರುವಂತಿಲ್ಲ. ಆ ಒಂದು ಶಬ್ದಕ್ಕಾಗಿ ಅನುವಾದಕನು ನರಸೀಪುರದ ಸಂಗಮವನ್ನು ಬಿಟ್ಟು, ಘಟ್ಟವನ್ನು ಇಳಿದು, ಕರಾವಳಿಯಲ್ಲಿ ಮರದ ದೋಣಿ ಕಟ್ಟುವ ಆಚಾರಿಗಳ ಅಂಗಳದಲ್ಲಿ ಕೆಲವು ದಿನ ಕುಳಿತಿರಬೇಕಾಗುತ್ತದೆ.